ಗುಳ್ಳೆ ನಿಂತ ಗಳಿಗೆ

“ಬೆನ್ನಿಗೆ ಗಾಳಿಯ ಸಿಲಿಂಡರ್ ಇಲ್ಲದ ಕಾಲದಲ್ಲಿ ನಾನು ಕೆಳಗೆ ಇದೇ ಕಡಲಹುಲ್ಲಿನ ಮೇಲೆ ಮಲಗಿ ಒಂದು ನಿದ್ದೆ ತೆಗೆದಿದ್ದೆ,” ಎಂದ ಜಟ್ಟಪ್ಪಜ್ಜ. “ಎಚ್ಚರಾಗಿ ನೋಡಿದರೆ ಒಂದು ಕಡಲಕುದುರೆ ನನ್ನ ಮೀಸೆಗೆ ಬಾಲ ಸುತ್ತಿಕೊಂಡು ಗೊರಕೆ ಹೊಡೀತಿತ್ತು.”

“ಕಂಡವರು ಯಾರಜ್ಜಾ?”

“ನನ್ನ ಭಾವ. ಪುಣ್ಯಾತ್ಮ, ಈಗ ಸ್ವರ್ಗದಲ್ಲಿದ್ದಾನೆ. ಹೋಗಿ ಕೇಳಿಕೊಂಡು ಬಾ.”

ಬೇರೆ ದಿನವಾಗಿದ್ದರೆ ದೋಣಿಯಲ್ಲಿ ಅವನೆದುರು ಕೂತ ಲೋಲಾಕ್ಷಿ ನಗುತ್ತಿದ್ದಳು.

ದ್ವೀಪದ ಮರೆಯಲ್ಲಿ ಕಡಲು ಕೆರೆಯಂತೆ ಮಲಗಿತ್ತು. ತಳದಲ್ಲಿ ಹುಲ್ಲು, ಹುಲ್ಲಿನಲ್ಲಿ ಸಣ್ಣ ಸಣ್ಣ ಜೀವ. ಬಂದ ಪ್ರವಾಸಿಗರನ್ನು ನೀರಿಗಿಳಿಸಿ ಅವನ್ನು ತೋರಿಸುವುದು ಅಜ್ಜನ ಕೆಲಸ. ನಾಳೆಯಿಂದ ಅದು ಅವಳದ್ದು. ಇವತ್ತೇ ಕೊನೆಯ ಪಾಠ.

ಅವಳಿಗೆ ಈವರೆಗೆ ಒಂದು ಜೀವವೂ ಕಂಡಿರಲಿಲ್ಲ.

ಪ್ರತಿ ಪಾಠದಲ್ಲೂ ಅಜ್ಜ ನೀರಿನಡಿ ಬೆರಳು ಮಾಡಿ ತೋರಿಸುತ್ತಿದ್ದ. ಅವಳು ಬರೀ ಹುಲ್ಲು ನೋಡಿ, ಹೆಬ್ಬೆರಳಿಗೆ ತೋರುಬೆರಳು ಸೇರಿಸಿ ‘ಸರಿ’ ಎಂದು ಸನ್ನೆ ಮಾಡುತ್ತಿದ್ದಳು. ಮುದುಕನ ಮನಸ್ಸು ನೋಯಬಾರದಲ್ಲ.

“ಪಾಠ ಒಪ್ಪಿಸು,” ಎಂದ ಅಜ್ಜ, ಗಾಜು ಮಬ್ಬಾಗದಂತೆ ಮಾಸ್ಕಿಗೆ ಉಗುಳಿ ಉಜ್ಜುತ್ತ.

“ಉಸಿರು ಹಿಡಿಯಬಾರದು. ಏನೇ ಬಂದರೂ ಹಿಡಿಯಬಾರದು.”

“ತಿಮಿಂಗಿಲ ಬಂದರೆ?”

“ಆಗಲೂ.”

“ಬಂದಿತ್ತು ಒಂದು ಸಲ. ನಾನು ಅದರ ಕಿವಿ ಹಿಡಿದು...”

“ಅಜ್ಜಾ, ಸಿಲಿಂಡರಿನಲ್ಲಿ ಗಾಳಿ ಎಷ್ಟಿದೆ ನೋಡಿ.”

“ಮೀಟರು ನೀನೇ ಓದು ಮಾರಾಯ್ತಿ. ಕಲಿಯಬೇಕಲ್ಲ.”

ಯಾವಾಗಲೂ ಹಾಗೆಯೇ. ಅವಳೇ ಓದಿದಳು.

ಇಬ್ಬರೂ ಮುಳುಗಿದರು. ಜಟ್ಟಪ್ಪಜ್ಜನ ಬಾಯಿ ಸುಮ್ಮನಿರುತ್ತಿದ್ದದ್ದು ನೀರಿನ ಕೆಳಗೆ ಮಾತ್ರ.

ಅಜ್ಜ ಒಂದು ಹುಲ್ಲಿನ ಪೊದೆಯತ್ತ ಬೆರಳು ಮಾಡಿದ. ‘ಸರಿ’ ಎನ್ನಲು ಲೋಲಾಕ್ಷಿಯ ಕೈ ತನ್ನಷ್ಟಕ್ಕೆ ಮೇಲೆದ್ದಿತು. ಅರ್ಧಕ್ಕೆ ನಿಂತಿತು.

ನಾಳೆ ಬೆರಳು ಮಾಡುವವರು ಯಾರು?

ಅವಳು ಅಂಗೈ ಬಿಡಿಸಿ ಅಲ್ಲಾಡಿಸಿದಳು. ಕಾಣುತ್ತಿಲ್ಲ.

ಅಜ್ಜ ಬೆರಳು ತೆಗೆಯಲಿಲ್ಲ.

ಅವಳು ಹುಲ್ಲಿನ ಮೇಲೆ ಕವುಚಿ ತೇಲುತ್ತ ಕಾದಳು. ನೀರು ಎಳೆದಾಗ ಹುಲ್ಲೆಲ್ಲ ಎಡಕ್ಕೆ ಬಾಗಿತು. ಬಿಟ್ಟಾಗ ಬಲಕ್ಕೆ. ಮತ್ತೆ ಎಡಕ್ಕೆ.

ಪೊದೆಯಿಂದ ಒಂದು ಮೊಳ ಆಚೆ, ಒಂದು ಎಸಳು ತುಸು ತಡವಾಗಿ ಬಾಗಿತು.

ಆ ಎಸಳಿಗೆ ಒಂದು ಕಣ್ಣಿತ್ತು. ಸೂಜಿಮೊನೆಯಷ್ಟು. ಅದು ಅವಳನ್ನೇ ನೋಡುತ್ತಿತ್ತು.

ಅಜ್ಜ ಅವಳ ಬೆನ್ನು ಮೆಲ್ಲಗೆ ತಟ್ಟಿದ.

ದೋಣಿ ಹತ್ತಿದ್ದೇ ಅವನ ಬಾಯಿ ತೆರೆಯಿತು. “ಕಂಡಿತಲ್ಲ ಕುದುರೆ? ನಾನು ತೋರಿಸಿದ್ದು!”

“ಕುದುರೆ ಅಲ್ಲಜ್ಜ, ಮೀನು. ಹುಲ್ಲಿನಷ್ಟೇ ತೆಳ್ಳಗೆ, ಹುಲ್ಲಿನದೇ ಬಣ್ಣ. ನೀವು ತೋರಿಸಿದಲ್ಲಿ ಏನೂ ಇರಲಿಲ್ಲ.”

ಅಜ್ಜ ಮೀಸೆಯ ನೀರು ಹಿಂಡಿಕೊಂಡ.

“ನಿಮಗೆ ಕಾಣೂದಿಲ್ಲ. ಅಲ್ಲವಾ?”

“ದೊಡ್ಡದೆಲ್ಲ ಕಾಣ್ತದೆ. ದೋಣಿ, ದ್ವೀಪ, ನೀನು.”

ಲೋಲಾಕ್ಷಿ ಟವೆಲ್ ತೆಗೆದು ಅವನ ಹೆಗಲಿಗೆ ಹೊದಿಸಿದಳು.

“ನಾನೂ ಸುಳ್ಳು ಹೇಳಿದೆ ಅಜ್ಜ. ಇಷ್ಟು ದಿನ ಕಾಣದೆ ‘ಸರಿ’ ಅಂದೆ.”

“ಗೊತ್ತು.”

“ಕಣ್ಣು ಕಾಣದೆ ಅದು ಹೇಗೆ ಗೊತ್ತಾಯ್ತು?”

“ಕಂಡವರು ಉಸಿರು ಹಿಡೀತಾರೆ, ಗುಳ್ಳೆಯ ಸದ್ದು ಒಂದು ಗಳಿಗೆ ನಿಲ್ತದೆ. ನಿನ್ನದು ಗುಳುಗುಳು ಅಂತ ನಡೆದೇ ಇರ್ತಿತ್ತು. ಇವತ್ತು ನಿಂತಿತು. ಇಷ್ಟು ಕಲಿಸಿದ ಮೇಲೂ ಪಾಠ ಮರೆತೆ ನೋಡು!”

ಅವಳು ನಕ್ಕಳು. ಅವನೂ ನಕ್ಕ.

“ನಾಳೆ ನೀನು ಮುಂದೆ. ನಾನು ಹಿಂದಿನಿಂದ ಬರ್ತೇನೆ.”

“ಸಣ್ಣದು ಕಾಣದವರು ಬಂದು ಏನು ನೋಡ್ತೀರಿ?”

ಸಿಕ್ಕಿಬಿದ್ದ ಜಟ್ಟಪ್ಪಜ್ಜ ಹೆಗಲು ಹಾರಿಸಿದ.

“ನೋಡೂದು ನಿನ್ನ ಕೆಲಸ. ನೀನು ಕಂಡದ್ದು ನನಗೆ ಕೇಳ್ತದೆ.”