ಅರ್ಧ ಬರೆದ ವಾಗ್ದಾನ

ಪೂಜ್ಯ ಸಮಾಧಾನಪ್ಪ ಅಯ್ಯನವರು ಸಭಾಪಾಲನೆಯಿಂದ ನಿವೃತ್ತರಾದ ಮೇಲೆ ಬೆಟಗೇರಿಯ ನೇಕಾರರ ಓಣಿಯಲ್ಲಿ, ಚರ್ಚಿನ ಹಿಂದಿನ ಒಂದೇ ಕೋಣೆಯಲ್ಲಿ ವಾಸವಾಗಿದ್ದರು. ಹಗಲೆಲ್ಲ ರಾಟೆಯ ಮುಂದೆ ಕುಳಿತು ನೆರೆಮನೆಯವರಿಗೆ ನೂಲು ಸುತ್ತಿಕೊಡುವರು. ತುಟಿಯ ಮೇಲೆ ಬೈಬಲಿನ ಯಾವುದಾದರೊಂದು ಕೀರ್ತನೆ. ಹೊಸ ವರ್ಷದ ಆರಾಧನೆಯಲ್ಲಿ ಒಬ್ಬೊಬ್ಬರೂ ಎತ್ತಿಕೊಳ್ಳುವ ದೇವರ ವಾಗ್ದಾನದ ಚೀಟಿಗಳನ್ನು, ಆ ಕೀರ್ತನೆಗಳಿಂದ ಆಯ್ದು, ಅವರೇ ಕೈಯಾರೆ ಬರೆಯುತ್ತಿದ್ದರು. ಜನ ಆ ಚೀಟಿಯನ್ನು ವರ್ಷವಿಡೀ ಜೋಪಾನ ಮಾಡುವರು.

ಒಂದು ಶ್ರಾವಣದ ಮಧ್ಯಾಹ್ನ ಅದೇ ಓಣಿಯ ಸಲೋಮವ್ವ ಅಂಥದೊಂದು ಚೀಟಿ ಹಿಡಿದು ಬಂದು ಬಾಗಿಲಲ್ಲೇ ನಿಂತರು. ಇದ್ದೊಬ್ಬ ಮಗಳು ಕರುಣಾ ಜ್ವರದಲ್ಲಿ ತೀರಿಹೋಗಿ ನಲವತ್ತು ದಿನವಾಗಿತ್ತು. ಅಂದಿನಿಂದ ಆಕೆ ಆರಾಧನೆಗೆ ಕಾಲಿಟ್ಟಿರಲಿಲ್ಲ.

“ಇದು ನಿಮ್ಮ ಅಕ್ಷರ ಅಲ್ರೀ ಅಯ್ಯಾರ? ಮನಿಗೆ ಯಾವ ಕೇಡೂ ತಟ್ಟೂದಿಲ್ಲಂತ ಬರದೀರಿ. ನನ್ನ ಮಗಳು ಇದನ್ನ ತಲಿದಿಂಬಿನ ಬುಡಕ ಇಟಗೊಂಡು ಮಲಗತಿದ್ಲು. ವಾಪಸ್ ತಗೋರಿ. ಇನ್ನ ನನಗ ನಿಮ್ಮ ದೇವರೂ ಬ್ಯಾಡ, ಚರ್ಚೂ ಬ್ಯಾಡ.”

ಮಾತು ಮುಗಿದರೂ ಹೊರಟುಹೋಗಲಿಲ್ಲ. ಪಾಪ, ಹೋಗುವುದಾದರೂ ಎಲ್ಲಿಗೆ? ಪ್ರಾರ್ಥಿಸಬೇಕೆಂಬ ಹಂಬಲವಿತ್ತು. ಮೊಣಕಾಲೂರಿದರೆ ಒಂದು ಮಾತೂ ಹೊರಡುತ್ತಿರಲಿಲ್ಲ.

ನಮ್ಮಂಥವರಾಗಿದ್ದರೆ ಅಲ್ಲೇ ಒಂದು ಉಪದೇಶ ಬಿಗಿದುಬಿಡುತ್ತಿದ್ದೆವು. ಅಯ್ಯನವರು ಚೀಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಓದಿದರು.

“ತಪ್ಪು ನಂದವಾ. ಇಷ್ಟ ವರ್ಷ ಸಿಹಿ ಮಾತಷ್ಟ ಆರಿಸಿ ಆರಿಸಿ ಬರದೆ. ಅಳೂ ಮಾತು ಬಿಟ್ಟಬಿಟ್ಟೆ. ನಿನಗ ಅರ್ಧಾನ ಕೊಟ್ಟೇನಿ.”

ಸತ್ಯವೇದ ತೆರೆದು, ಒಂದು ಕೀರ್ತನೆಯ ಮೇಲೆ ಬೆರಳಿಟ್ಟು, ಆಕೆಯ ಮುಂದೆ ಸರಿಸಿದರು. ದೇವರು ತನ್ನನ್ನು ಮರೆತನೇ, ಇನ್ನೆಷ್ಟು ದಿನ ಮುಖ ತೋರಿಸದೆ ಇರುವನು ಎಂದು ಭಕ್ತನೊಬ್ಬನು ಮೊರೆಯಿಡುವ ಕೀರ್ತನೆ ಅದು. ಸಲೋಮವ್ವ ಬೆಚ್ಚಿಬಿದ್ದರು.

“ಅಯ್ಯ ನಮ್ಮಪ್ಪಾ! ದೇವರಿಗೆ ಹಿಂಗೂ ಕೇಳಬಹುದೇನ್ರಿ?”

“ಕೇಳಾಕಂತನ ಬರದೈತಿ. ಜೋರಾಗಿ ಓದವಾ.”

ಆಕೆ ಓದಿದರು. ಮೊದಲು ತಡವರಿಸುತ್ತ, ಆಮೇಲೆ ಕೂಗುತ್ತ. ಓದುತ್ತ ಓದುತ್ತ ಪುಸ್ತಕ ಬಿಟ್ಟು ಸ್ವಂತ ಮಾತಿಗಿಳಿದರು. “ನನ್ನ ಕೂಸನ್ನ ಯಾಕ ಒಯ್ದಿಯೋ ಅಪ್ಪಾ? ಎಲ್ಲಿದ್ದಿ ನೀ?” ಓಣಿಯ ಮಗ್ಗಗಳು ಒಂದೊಂದಾಗಿ ನಿಂತವು. ಅಯ್ಯನವರು ತಡೆಯಲಿಲ್ಲ, ತಾವೂ ಕಣ್ಣೀರಿಟ್ಟರು.

ಅಂದಿನಿಂದ ಆ ತಾಯಿ ದಿನಾ ಬಂದು ಅದನ್ನೇ ಓದುವರು, ಓದಿ ಜಗಳಾಡುವರು. ಶನಿವಾರ ಅಯ್ಯನವರು ಮೆಲ್ಲಗೆ ಕೇಳಿದರು.

“ಉತ್ತರ ಬಂತೇನವಾ?”

“ಇಲ್ರಿ. ಆದ್ರ ಇಷ್ಟ ಬೈದ್ರೂ ಎದ್ದ ಹೋಗಿಲ್ರಿ ಆತ. ನನ್ನ ಬಾಜೂಕ ಕುಂತಾನ್ರಿ.”

ಮಗಳ ಹಂಬಲವೇನೂ ಆರಲಿಲ್ಲ. ಆದರೂ ಮರುದಿನದ ಆರಾಧನೆಯಲ್ಲಿ ಹೆಂಗಸರ ಸಾಲಿನಿಂದ ಸಲೋಮವ್ವನ ದನಿ ಕೇಳಿತು. ಅಳುತ್ತಲೇ ಹಾಡಿದರು, ಕೊನೆಯ ಚರಣದವರೆಗೂ.