ನಿಂಗಾಜನೂ ಕೆರೆ ಏರಿಯ ದೀಪಗಳೂ

ಒಂದು ಯೂನಿವರ್ಸಿಟಿಯಂತೆ, ಅದಕ್ಕೊಂದು ಕೆರೆಯಂತೆ, ಕೆರೆ ಪಕ್ಕದ ಕ್ವಾರ್ಟರ್ಸಿನಲ್ಲಿ ಕಸ ಗುಡಿಸುವ ದೇವೀರಮ್ಮನಂತೆ. ಅವಳಿಗೊಬ್ಬನೇ ಮಗ, ನಿಂಗಾಜ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳ ಗೋಳು!

"ಈ ವರ್ಷ ನಾನು ರಿಟೈರು ಕಣ್ಲಾ. ನಿನ್ನ ಕೆಲ್ಸ ಕಾಯಂ ಆದ್ರೆ ಈ ಮನೆ ಉಳೀತದೆ, ಇಲ್ದಿದ್ರೆ ಬೀದಿ! ಮೇಡಂ ಹೇಳ್ದಂಗೆ ಮಾಡು."

"ಮಾಡ್ತೀನಿ ಕಣವ್ವ."

ಮೇಡಂ ಅಂದರೆ ದೀಪದ ಇಂಜಿನಿಯರು ವಾರಿಜಾ; ಅವರ ಕೈಕೆಳಗೆ ನಿಂಗಾಜ ದಿನಗೂಲಿ. "ನೋಡು ನಿಂಗಾಜ, ಬೆಳಕು ಆಕಾಶಕ್ಕೆಲ್ಲ ಚೆಲ್ತಾ ಇದ್ರೆ ಕೆರೆ ಹತ್ರದ ಮಿಣುಕುಹುಳಕ್ಕೆ ಜೋಡಿ ಸಿಗಲ್ಲ. ದೀಪಗಳನ್ನ ಮುಚ್ಚಬೇಕು," ಅಂದರು.

ಮುಚ್ಚಿದ! ಮೆಸ್ಸಿನ ಸಾರಿನ ಬಕೆಟ್ಟೆಲ್ಲ ಹೊತ್ತು ತಂದ. ದೀಪದೀಪಕ್ಕೂ ಒಂದು ಬಕೆಟ್ ಬೋರಲು ಹಾಕಿದ, ಕೆಳಗೊಂದು ತಟ್ಟೆ ಬಿಗಿದ. ಕಗ್ಗತ್ತಲು! ರಿಜಿಸ್ಟ್ರಾರು ಧಡಾರಂತ ಮೋರಿಗೆ ಬಿದ್ದರು.

ವಾರಿಜಾ ಮೇಡಂ ಹೌಹಾರಿದರು. "ಅಯ್ಯೋ! ತಲೆ ಮಾತ್ರ ಮುಚ್ಚೋ! ಮುಖ ನೆಲ ನೋಡ್ತಿರಬೇಕು!"

"ಹಂಗೇ ಆಗ್ಲಿ ಮೇಡಂ."

ಮಾರನೆಯ ಸಂಜೆ ಕುಲಪತಿಗಳೇ ದೀಪ ನೋಡಲು ಬಂದರು. ಅವರ ಬೋಳುತಲೆ ಇಳಿಬಿಸಿಲಿಗೆ ಥಳಥಳ ಹೊಳೆಯಿತು. ನಿಂಗಾಜ ನೋಡಿದ. ಓಡಿದ. ಬಕೆಟ್ ತಂದ. ತಲೆ ಮುಚ್ಚಿದ, ಕತ್ತು ಹಿಡಿದು ಮುಖವನ್ನು ನೆಲಕ್ಕೆ ಬಗ್ಗಿಸಿದ!

"ಯಾರಯ್ಯಾ ಅದು!" ಬಕೆಟ್ಟಿನೊಳಗಿಂದ ಕುಲಪತಿಗಳು ಗುಡುಗಿದರು.

ದೇವೀರಮ್ಮ ಪೊರಕೆ ಬಿಸಾಕಿ ಓಡಿಬಂದು ಅವರ ಕಾಲಿಗೆ ಬಿದ್ದಳು. ಆಮೇಲೆ ಮಗನ ಕಿವಿ ಹಿಂಡಿದಳು. "ಮನುಷ್ಯರನ್ನ ಮುಟ್ಬ್ಯಾಡ ಕಣೋ! ಜನ ಬಂದ್ರೆ ದೀಪ ಹಾಕು, ಜನ ಹೋದ್ರೆ ಆರ್ಸು. ಅಷ್ಟೇಯ!"

"ಅಷ್ಟೇಯ ಕಣವ್ವ."

ಬಯಲು ರಂಗಮಂದಿರದಲ್ಲಿ ಕನ್ನಡ ಮೇಷ್ಟ್ರ ಭಾಷಣ. ಹಿಂದಿನ ಸಾಲಿನವನೊಬ್ಬ ಎದ್ದು ಹೋದ. ನಿಂಗಾಜ ದೀಪ ಆರಿಸಿದ! ಇನ್ನೊಬ್ಬ ತಡವಾಗಿ ಬಂದ. ಹಾಕಿದ! ಇಬ್ಬರು ಹೋದರು. ಆರಿಸಿದ! ಹಾಕೋದು, ಆರಿಸೋದು! ಮೇಷ್ಟ್ರಿಗೆ ತಲೆ ಗಿರ್ರಂತು, ಕನ್ನಡಕ ತೆಗೆದು ಕುಸಿದು ಕೂತರು.

ವಾರಿಜಾ ಮೇಡಂಗೆ ಅಳುವೇ ಬಂತು. "ನಾಳೆ ಸಂಜೆ ಮಿಣುಕುಹುಳ ನೋಡೋಕೆ ಸಮಿತಿಯವರು ಬರ್ತಾರೆ. ಅವರು ಮೆಚ್ಚಿದ್ರೆ ಕೆಲಸ ಕಾಯಂ. ಕೈ ಮುಗೀತೀನಿ, ಕೆರೆ ಹತ್ರ ಒಂದೇ ಒಂದು ಬೆಳಕೂ ಕಾಣಬಾರದು!"

"ಒಂದೂ ಕಾಣಲ್ಲ ಮೇಡಂ."

ಸಮಿತಿ ಬಂತು. ಏರಿ ಮೇಲೆ ನಿಂತಿತು. ಕತ್ತಲೆಂದರೆ ಕತ್ತಲು. ಒಂದು ಹುಳವೂ ಇಲ್ಲ!

"ಹುಳ ಎಲ್ಲೋ?" ದೇವೀರಮ್ಮ ಮಗನ ತೋಳು ಜಗ್ಗಿ ಕೇಳಿದಳು.

"ಪೊದೆ ತುಂಬಾ ಮಿಣಮಿಣ ಅಂತಿದ್ವು ಕಣವ್ವ, ಒಂದೂ ಬಿಡ್ದಂಗೆ ಹಿಡ್ದಿವ್ನಿ!" ನಿಂಗಾಜ ಅವ್ವನ ರಾಗಿ ಡಬ್ಬ ತೋರಿಸಿದ.

ಅವಳು ಕಿತ್ತುಕೊಂಡು ಮುಚ್ಚಳ ತೆಗೆದಳು. ಭುಸ್ಸಂತ ಎದ್ದವು! ನೀರ ಮೇಲೆಲ್ಲ ಮಿಣುಕು, ಮರದ ಮೇಲೆಲ್ಲ ಮಿಣುಕು. ಸಮಿತಿಯವರು ಬಾಯಿ ಬಿಟ್ಟು ನಿಂತರು. "ಆಹಾ! ಎಂಥ ಕೆಲಸ ಮಾಡಿದೀರಮ್ಮಾ!"

ಮನೆ ಉಳೀತು ಅಂತ ದೇವೀರಮ್ಮ ಉಸಿರು ಬಿಟ್ಟಳು. ಪಕ್ಕಕ್ಕೆ ತಿರುಗಿದಳು. ಮಗ ಇಲ್ಲ!

ಫಟ್! ಏರಿ ಪಕ್ಕದ ಫುಟ್‌ಬಾಲ್ ಮೈದಾನದ ದೊಡ್ಡ ದೀಪಗಳೆಲ್ಲ ಒಟ್ಟಿಗೆ ಹತ್ತಿದವು. ಕೆರೆ ಮೇಲೆ ನಡುಮಧ್ಯಾಹ್ನ! ಕಣ್ಣು ಮುಚ್ಚಿಕೊಂಡ ಸಮಿತಿಗೆ ಒಂದು ಹುಳವೂ ಕಾಣಲಿಲ್ಲ.

"ಜನ ಬಂದವ್ರೆ ಕಣವ್ವ! ದೀಪ ಹಾಕ್ದೆ!" ಅಂತ ಸ್ವಿಚ್ಚಿನ ಹತ್ತಿರದಿಂದ ಕೂಗಿದ ನಿಂಗಾಜ.

ದೇವೀರಮ್ಮ ಅಲ್ಲೇ ಬಿದ್ದಿದ್ದ ಸಾರಿನ ಬಕೆಟ್ಟೊಂದನ್ನು ಎತ್ತಿ ತನ್ನ ತಲೆ ಮುಚ್ಚಿಕೊಂಡಳು, ಮುಖ ನೆಲಕ್ಕೆ ಹಾಕಿದಳು.

"ಈಗ ಸರಿಯಾಯ್ತು ನೋಡವ್ವ!" ಅಂದ ಮಗ.