ಬೊಮ್ಮೋಜ ತಿದ್ದಿದ ಮುಖ

ಶಿಲ್ಪಿ ಬೊಮ್ಮೋಜ ವೀರಗಲ್ಲು ಕೆತ್ತುವುದರಲ್ಲಿ ಎತ್ತಿದ ಕೈ. ಊರಿಗಾಗಿ ಹೋರಾಡಿ ಮಡಿದವರ ನೆನಪಿಗೆ ನಿಲ್ಲಿಸುವ ಕಲ್ಲು ಅದು. ಮಡಿದವನು ಯಾರೇ ಆಗಿರಲಿ, ಬೊಮ್ಮೋಜ ಕೆತ್ತುವ ಮುಖ ಮಾತ್ರ ಒಂದೇ: ಗಂಟಿಕ್ಕಿದ ಹುಬ್ಬು, ಕೆರಳಿದ ಕಣ್ಣು, ಹುರಿ ಮಾಡಿದ ಮೀಸೆ. "ಗಾಂಭೀರ್ಯ ಅಂದರೆ ಇದು!" ಎಂದು ತಾನೇ ಬೀಗುತ್ತಿದ್ದ. ಸತ್ತವರು ಎದ್ದು ಬಂದು ತಕರಾರು ಮಾಡುವಂತಿರಲಿಲ್ಲವಲ್ಲ!

ಒಮ್ಮೆ ಕಳ್ಳರು ಊರ ದನಗಳನ್ನು ಹೊಡೆದುಕೊಂಡು ಹೋದರು. ದನ ಕಾಯುವ ಚಟ್ಟಯ್ಯ ಒಬ್ಬನೇ ಬೆನ್ನಟ್ಟಿ ಅವರನ್ನು ಅಡ್ಡಗಟ್ಟಿದ. ದನಗಳೆಲ್ಲ ಮರಳಿ ಬಂದವು. ಚಟ್ಟಯ್ಯ ಬರಲಿಲ್ಲ. ಊರ ಗೌಡರು ಅವನಿಗೊಂದು ವೀರಗಲ್ಲು ಕೆತ್ತಲು ಬೊಮ್ಮೋಜನಿಗೆ ಹೇಳಿದರು. ಬೊಮ್ಮೋಜ ಎಂದಿನ ಮುಖವನ್ನೇ ಕೆತ್ತಿ ಮುಗಿಸಿದ.

ಕಲ್ಲು ನಿಲ್ಲಿಸಲು ಎರಡು ದಿನವಿತ್ತು. ಚಟ್ಟಯ್ಯನ ತಾಯಿ ಹೊನ್ನವ್ವ ನೋಡಲು ಬಂದಳು. ಬಹಳ ಹೊತ್ತು ನೋಡಿದಳು.

"ಬೊಮ್ಮೋಜಣ್ಣ, ಇವನು ಯಾರು?"

"ನಿನ್ನ ಮಗನೇ ಹೊನ್ನವ್ವ. ವೀರ ಅಂದಮೇಲೆ ಗಂಭೀರವಾಗಿ ಇರಬೇಡವೇ?"

"ನನ್ನ ಮಗ ಯಾರನ್ನೂ ಹೀಗೆ ದುರುಗುಟ್ಟಿ ನೋಡಿದವನಲ್ಲ ಕಣಣ್ಣ. ಅವನ ಮುಖ ನನಗೇ ಈಗೀಗ ಮಸುಕಾಗ್ತಿದೆ. ಇಲ್ಲಿಗೆ ಬಂದಾದರೂ ನೋಡಬಹುದು ಅಂದುಕೊಂಡಿದ್ದೆ. ಹೋಗಲಿ ಬಿಡು."

ಬೊಮ್ಮೋಜ ಮುಖ ಸಿಂಡರಿಸಿಕೊಂಡು ಮನೆಗೆ ಹೋದ. ಅಲ್ಲಿ ತಾಯಿಯಿಲ್ಲದ ಮೊಮ್ಮಗಳು ಹಾಲು ಕುಡಿಯುತ್ತಿದ್ದಳು. ಮರಳಿ ಬಂದ ದನಗಳಲ್ಲಿ ಬೊಮ್ಮೋಜನ ಹಸುವೂ ಇತ್ತು. ಆ ಕೂಸು ಬೆಳೆಯುತ್ತಿದ್ದುದೇ ಅದರ ಹಾಲಿನಿಂದ. 'ನನ್ನ ಮನೆಯ ದೀಪ ಉಳಿಸಿದವನಿಗೆ ಯಾರದೋ ಮುಖ ಅಂಟಿಸಿಬಿಟ್ಟೆನಲ್ಲ' ಎಂದು ಬೊಮ್ಮೋಜ ತನಗೆ ತಾನೇ ನಾಚಿಕೊಂಡ. ಸಂಜೆ ಹಸು ತಂದು ಬಿಡುವಾಗ ಚಟ್ಟಯ್ಯ ಹೇಗಿರುತ್ತಿದ್ದ? ಅದರ ಬೆನ್ನ ಮೇಲೆ ಕೈಯಿಟ್ಟು, ಕಣ್ಣು ತಗ್ಗಿಸಿ, ಯಾರಾದರೂ ಬಂದು ಹಗ್ಗ ಹಿಡಿಯುವವರೆಗೂ ಸುಮ್ಮನೆ ನಿಂತಿರುತ್ತಿದ್ದ.

ಕೆತ್ತಿದ ಕಲ್ಲಿಗೆ ಹೊಸದಾಗಿ ಏನನ್ನೂ ಸೇರಿಸಲಾಗದು, ಇರುವುದನ್ನು ತೆಗೆಯಬಹುದು ಅಷ್ಟೆ. ಒಂದೇಟು ತಪ್ಪಿದರೂ ಕಲ್ಲು ಕೆಡುತ್ತಿತ್ತು. ಆದರೂ ಬೊಮ್ಮೋಜ ಉಳಿ ಹಿಡಿದ. ಹುಬ್ಬಿನ ಗಂಟು ತೆಗೆದ. ಮೀಸೆಯ ಹುರಿ ತೆಗೆದ. ಉಬ್ಬಿದ ಕಣ್ಣನ್ನು ಸವೆಸಿ ರೆಪ್ಪೆ ತಗ್ಗಿಸಿದ. ಪ್ರತಿ ಏಟಿಗೂ ಮನಸ್ಸಿನಲ್ಲೇ ಚಟ್ಟಯ್ಯನಿಗೆ ಕೈಮುಗಿದ.

ಕಲ್ಲು ನಿಂತ ದಿನ ಗೌಡರು, "ಏನಯ್ಯಾ ಇದು, ವೀರನ ಕಳೆಯೇ ಇಲ್ಲ!" ಎಂದು ರೇಗಿದರು. ಆದರೆ ಅಷ್ಟರಲ್ಲಿ ನೆರೆದ ಜನರ ಗದ್ದಲ ತಾನಾಗಿ ಅಡಗಿತ್ತು. ಒಬ್ಬರು ತಲೆಯ ರುಮಾಲು ತೆಗೆದರು. ಅದನ್ನು ಕಂಡು ಗೌಡರೂ ಚಪ್ಪಲಿ ಬಿಟ್ಟು ನಿಂತರು.

ಹೊನ್ನವ್ವ ಹತ್ತಿರ ಹೋಗಿ ಕಲ್ಲಿನ ಕೆನ್ನೆ ಸವರಿದಳು. ಬೊಮ್ಮೋಜನತ್ತ ತಿರುಗಿ, "ಊಟಕ್ಕೆ ಕರೆದರೆ ಎದ್ದು ಬರ್ತಾನೆ ಕಣಣ್ಣ" ಎಂದಳು.

ನೀತಿ: ಹುಬ್ಬು ಗಂಟಿಕ್ಕಿದರೆ ಗಾಂಭೀರ್ಯ ಬರುವುದಿಲ್ಲ. ಪಡೆದ ಉಪಕಾರವನ್ನು ನೆನೆದು ಮಾಡಿದ ಕೆಲಸಕ್ಕೆ ಅದು ತಾನಾಗಿಯೇ ಬರುತ್ತದೆ.